ಐದು ಕಾಲಿನ ಕುದುರೆಗೆ ಹದಿನೈದು ರೂಪಾಯಿ

ಕುಡುಗೋಲು ನನ್ನ ಕುತ್ತಿಗೆಯಿಂದ ಒಂದೇ ಗೇಣು ದೂರದಲ್ಲಿತ್ತು.

ಹಿಡಿದವಳು ಅಬಲೂರಿನ ನಾಗವ್ವ. ವಯಸ್ಸು ಎಪ್ಪತ್ತು ದಾಟಿತ್ತು. ಕೈ ಮಾತ್ರ ಅಲುಗುತ್ತಿರಲಿಲ್ಲ!

"ಕಲ್ಲಿನ ಮ್ಯಾಲಿಂದ ಕಾಲ್ ತಗಿ."

"ಯವ್ವಾ, ನಾ ಸವಣೂರ ಹಜರತಅಲಿ..."

"ನೀ ಯಾರಾದ್ರ ನನಗೇನು? ತಗಿ."

ತೆಗೆದೆ.

ನನ್ನ ಕಸುಬು ಗೊತ್ತಲ್ಲ? ಕಚೇರಿಗಳಲ್ಲಿ ನಿಂತುಹೋದ ಕೆಲಸ ಓಡಿಸುವುದು. ಯಾವ ಸಾಹೇಬನ ಕೈಗೆ ಎಷ್ಟು ಎಂಬುದು ನನಗೆ ಬಾಯಿಪಾಠ. ಆದರೆ ೧೯೩೮ರಲ್ಲಿ ಹಿರೇಕೆರೂರಿನ ಪರಮೇಶ್ವರಪ್ಪ ಮಾಸ್ತರರು ತಂದ ಕೇಸು... ಅಂಥದ್ದು ಹಿಂದೆ ಬಂದಿರಲಿಲ್ಲ.

ಮಾಸ್ತರರು ಹನ್ನೆರಡು ವರ್ಷ ಊರೂರು ಅಲೆದು ವೀರಗಲ್ಲುಗಳ ಮೇಲೆ ಪುಸ್ತಕ ಬರೆದಿದ್ದರು. ಅಬಲೂರಿನ ವೀರಗಲ್ಲನ್ನು ಎಂದೋ ದೂರದ ಮ್ಯೂಸಿಯಂನವರು ಚಕ್ಕಡಿಯಲ್ಲಿ ಹೇರಿಕೊಂಡು ಹೋಗಿದ್ದರು. ಅದರ ಫೋಟೊ ಅಚ್ಚು ಹಾಕಲು ಪರವಾನಗಿ ಕೇಳಿದರೆ ಹದಿನೈದು ರೂಪಾಯಿ ಫೀ! ಕಟ್ಟದೆ ಹಾಕಿದರೆ ಕೋರ್ಟು. ಮಾಸ್ತರರ ಪಗಾರ ತಿಂಗಳಿಗೆ ಹದಿನೆಂಟು. ಹುಬ್ಬಳ್ಳಿಯ ಪ್ರೆಸ್ಸು ಇನ್ನು ಹತ್ತು ದಿನ ಮಾತ್ರ ಕಾಯುತ್ತಿತ್ತು.

ನಾನೊಂದು ದಾರಿ ಹುಡುಕಿದೆ. ಕಲ್ಲು ತಮ್ಮೂರಿನದೇ ಎಂದು ಹಿರಿಯರು ಹೆಬ್ಬೆಟ್ಟು ಒತ್ತಿಕೊಟ್ಟರೆ ಫೀ ಮಾಫಿ ಕೇಳಬಹುದು. ಮಾಸ್ತರರ ಜೊತೆ ಅಬಲೂರಿಗೆ ಬಂದೆ.

ಕಾಗದ, ಮಸಿ ಕಂಡದ್ದೇ ತಡ, ಊರ ಹಿರಿಯ ಮಹಾಲಿಂಗಪ್ಪ ಧೋತರ ಎತ್ತಿ ಕಟ್ಟಿ ಓಡಿದ! ಹೆಬ್ಬೆಟ್ಟು ಒತ್ತಿದರೆ ಹೊಲ ಹೋಯಿತೆಂದೇ ಆ ಊರವರ ಭಯ.

ಬೆನ್ನಟ್ಟಿದೆ. ಜೋಳದ ಹೊಲ. ಮುಳ್ಳಿನ ಬೇಲಿ. ಕೊನೆಗೆ ನಾಗವ್ವನ ಹಿತ್ತಲು. ಬಟ್ಟೆ ಒಗೆಯುವ ಕಲ್ಲಿಗೆ ಎಡವಿ ಬಿದ್ದೆ. ಬೆರಳು ಕಲ್ಲಿನಡಿ ಸೇರಿತು. ಅಲ್ಲಿ ಕೆತ್ತನೆ... ಎಣ್ಣೆಯ ಜಿಗುಟು. ಕಲ್ಲಿನ ಮೇಲೆ ಕಾಲಿಟ್ಟು ಏಳುವಷ್ಟರಲ್ಲಿ ಕುಡುಗೋಲು.

"ಒಗಿಯೋ ಕಲ್ಲಿಗೆ ಕೆಳಗ ಎಣ್ಣಿ ಯಾಕ ಹಚ್ಚೀರಿ ಯವ್ವಾ?" ಎಂದು ಕೇಳಿದೆ.

ಅಷ್ಟರಲ್ಲಿ ಮಾಸ್ತರರು ಏದುಸಿರು ಬಿಡುತ್ತ ಬಂದರು. ಅವಳ ಮೊಮ್ಮಗನಿಗೆ ಅಕ್ಷರ ಕಲಿಸಿದವರು. ಕುಡುಗೋಲು ಇಳಿಯಿತು.

"ನಿಮ್ಮ ಮುಂದ ಏನ್ ಮುಚ್ಚಲ್ರಿ," ಎಂದಳು ನಾಗವ್ವ. "ನಮ್ಮ ಮನಿತನದ ವೀರಪ್ಪನ ಕಲ್ಲು ಇದ. ಸಾಹೇಬ್ರು ಒಯ್ಯಾಕ ಬರ್ತಾರಂತ ಸುದ್ದಿ ಬಂತು. ಬೋರಲ ಹಾಕಿ ಅರಿವಿ ಒಗದ್ವಿ. ಅಮಾಸಿಗೊಮ್ಮೆ ಎತ್ತಿ ಎಣ್ಣಿ ಹಚ್ಚತೇವಿ."

"ಮತ್ತ ಅವರು ಒಯ್ದಿದ್ದು?" ಎಂದೆ.

"ಕಲ್ಲಕುಟಿಗ ಕೆಡಿಸಿ ಬಿಸಾಕಿದ್ದು. ಅದನ್ನ ಇದರ ಜಾಗಾದಾಗ ನಿಲ್ಲಿಸಿದ್ವಿ. ಕುದರಿಗೆ ಐದು ಕಾಲ."

ಮ್ಯೂಸಿಯಂನವರು ಫೀ ಕೇಳಿ ಬರೆದ ಕಾಗದವನ್ನು ಮತ್ತೆ ಬಿಚ್ಚಿ ಓದಿದೆ. 'ಐದು ಕಾಲಿನ ಕುದುರೆ ಅತ್ಯಂತ ಅಪರೂಪವಾದುದರಿಂದ ಫೀ ಹೆಚ್ಚು.'

ಮೂವರೂ ಸೇರಿ ಕಲ್ಲು ಎತ್ತಿ ನಿಲ್ಲಿಸಿದೆವು. ವೀರ, ಕತ್ತಿ, ನಾಲ್ಕೇ ಕಾಲಿನ ಕುದುರೆ. ಮಾಸ್ತರರ ಕಣ್ಣಲ್ಲಿ ನೀರು. ನಾನೂ ಕಣ್ಣೊರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ?

"ಫೀ ಉಳೀತ್ರಿ ಮಾಸ್ತರ್ರ. ಇದರ ಫೋಟೊನ ಹೊಡಿಸೂಣು," ಎಂದೆ.

"ಹೊಡಿಸಿದ್ರ ಮತ್ತ ಚಕ್ಕಡಿ ಬರತೈತಿ."

ಹೀಗೆಂದ ನಾಗವ್ವ ಕಲ್ಲನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು. ಮಾಸ್ತರರು ನನ್ನತ್ತ ತಿರುಗಿದರು.

"ಹದಿನೈದೂ ಕಳಿಸ್ರಿ ಹಜರತಅಲಿ. ಐದು ಕಾಲಿನ ಕುದರಿ ಫೋಟೊನ ಹಾಕೂಣು. ಪರವಾನಗಿ ಕೇಳಿ ಈಗ ಬಿಟ್ರ ಅವರಿಗೆ ಸಂಶಯ ಬರತೈತಿ. 'ಮ್ಯೂಸಿಯಂನಾಗಿರೋ ಕಲ್ಲು' ಅಂತಷ್ಟ ಬರೀತೇನಿ. ಅದೇನು ಸುಳ್ಳಲ್ಲ."

ಕಳಿಸಿದೆ. ಎಂಟನೇ ದಿನ ಪರವಾನಗಿ ಬಂತು. ಜೊತೆಗೆ ಮೊಹರು ಒತ್ತಿದ ರಸೀದಿ.

ಇಪ್ಪತ್ತು ವರ್ಷದಲ್ಲಿ ಎಷ್ಟೋ ಜನರ ಬಾಯಿ ಮುಚ್ಚಿಸಲು ದುಡ್ಡು ಕೊಟ್ಟಿದ್ದೇನೆ ಸ್ವಾಮಿ... ರಸೀದಿ ಕೊಟ್ಟವರು ಈ ಮ್ಯೂಸಿಯಂನವರೊಬ್ಬರೇ!