ಬೀದಿ ಸೀನಿನ ಪರದೆ

ಕೊರಳಿಗೆ ವೈರ್ ಬಿತ್ತು!

ಸಾಗರದಲ್ಲಿರುವ ಸುಮನಾಳ ಸ್ಟುಡಿಯೋದೊಳಗೆ ಆಗಷ್ಟೇ ಕಾಲಿಟ್ಟಿದ್ದೆ. ಬಾಗಿಲ ಹಿಂದೆ ಅಡಗಿದ್ದವನು ಕಂಪ್ಯೂಟರ್ ವೈರನ್ನೇ ಸುತ್ತಿ ಬಿಗಿದ.

"ಹಾರ್ಡ್‌ಡಿಸ್ಕ್ ಎಲ್ಲಿ ಮಾರಾಯಾ?"

"ಬಿಟ್ರೆ... ಹೇಳ್ತೀನಿ..."

ಬಿಡಲಿಲ್ಲ. ಬಿಡುವ ಪೈಕಿಯೂ ಅಲ್ಲ.

ಮೇಜಿನ ಮೇಲಿದ್ದ ಸ್ಕ್ಯಾನರ್ ಕೈಗೆ ಸಿಕ್ಕಿತು. ಹಿಂದಕ್ಕೆ ಬೀಸಿದೆ. ಗಾಜೂ ಒಡೆಯಿತು, ಮೂಗೂ ಒಡೆಯಿತು!

ತಿರುಗಿ ನೋಡಿದೆ. ರವೀಶ್! ಮುಕುಂದಯ್ಯನ ಬಲಗೈ. ಅವನ ಬೆರಳುಗಳನ್ನು ಮೇಜಿನ ಡ್ರಾಯರ್‌ಗೆ ತುರುಕಿ, ಕಾಲಿನಿಂದ ಒದ್ದು ಮುಚ್ಚಿದೆ.

"ಸುಮನಾ ಎಲ್ಲಿ?"

"ಅಯ್ಯಯ್ಯೋ... ನಂಗೊತ್ತಿಲ್ಲ!"

ಇನ್ನೊಂದು ಒದೆ.

"ಕೋಣಂದೂರು! ಮುಕುಂದಯ್ಯನೋರ ಗೋಡೌನ್! ಡಿಸ್ಕ್ ಸಿಗ್ಲಿಲ್ಲಾಂದ್ರೆ ಅವಳ ಕೈ ಕಡೀತಾರಂತೆ..."

ಡಿಸ್ಕ್ ನನ್ನ ಜೇಬಿನಲ್ಲೇ ಇತ್ತು.

ಸ್ವಲ್ಪ ಹಿಂದಿನ ಕತೆ ಕೇಳಿ. ನಾನು ನಿರಂಜನ. ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಲು ಹೆದರುವವರು ನನ್ನ ಬಾಗಿಲಿಗೆ ಬರುತ್ತಾರೆ. ಹಾಗೆ ಬಂದವಳು ಸುಮನಾ. ಅವಳ ಅಜ್ಜಿ ಕೆರಿಯಮ್ಮ ಕಂಪನಿ ನಾಟಕದಲ್ಲಿ ಹಾಡಿ ಹೆಸರಾದವಳು. ಮೊಮ್ಮಗಳು ರಂಗದ ಮಗ್ಗುಲಿನ ಸೈಡ್‌ವಿಂಗ್‌ನಲ್ಲೇ ಅಂಬೆಗಾಲಿಟ್ಟವಳು. ನಾಟಕದ ಪರದೆ ಬರೆಯುವ ಮುಂಚೆ ಕಲಾವಿದರು ಕಾಗದದ ಮೇಲೆ ಅರಮನೆ, ಕಾಡು, ಬೀದಿ ಎಲ್ಲ ಬರೆದುಕೊಳ್ಳುತ್ತಿದ್ದರಲ್ಲ, ಆ ಹಳೇ ಚಿತ್ರಗಳನ್ನು ಸ್ಕ್ಯಾನ್ ಮಾಡಿ, ಗೆದ್ದಲು ತಿಂದ ಜಾಗವನ್ನು ಕಂಪ್ಯೂಟರ್‌ನಲ್ಲಿ ತುಂಬಿಸುವುದು ಅವಳ ಕೆಲಸ. ಒಂದೇ ಹಟ. ತುಂಬಿಸಿದ್ದೆಲ್ಲ ಸಣ್ಣ ಸಣ್ಣ ಗೆರೆಗಳಲ್ಲೇ. ದೂರದಿಂದ ಚಿತ್ರ ಇಡಿಯಾಗಿ ಕಾಣುತ್ತದೆ, ಹತ್ತಿರ ಹೋದರೆ ತೇಪೆ ತಿಳಿಯುತ್ತದೆ.

"ಹೊಸದು ಹೊಸದಾಗಿಯೇ ಕಾಣ್ಬೇಕು ಸರ್. ಇಲ್ದಿದ್ರೆ ಅದು ಮೋಸ."

ಮುಕುಂದಯ್ಯ ಅವಳಿಂದ ಕೆಲಸ ಮಾಡಿಸಿಕೊಂಡ. ಆಮೇಲೆ ಹಳೇ ಕಾಗದದ ಮೇಲೆ ಅದನ್ನೇ ಪ್ರಿಂಟ್ ಹೊಡೆದು, ಅಸಲಿ ಎಂದು ಮುಂಬೈಯವನಿಗೆ ಮಾರಿದ. ಗೆರೆಗಳ ಸಮೇತ! ದಡ್ಡ!

ಗೆರೆ ಕಂಡ ಗಿರಾಕಿ ತಿರುಗಿಬಿದ್ದ. ಈಗ ಮೋಸಕ್ಕೆ ಸಾಕ್ಷಿ ಎರಡೇ. ಗೆದ್ದಲಿನ ತೂತುಗಳಿರುವ ಮೂಲ ಸ್ಕ್ಯಾನ್‌ಗಳು... ಮತ್ತು ಸುಮನಾ. ಆ ಸ್ಕ್ಯಾನ್ ಇದ್ದ ಡಿಸ್ಕನ್ನು ಅವಳು ಮೊದಲೇ ನನ್ನ ಕೈಗೆ ಕೊಟ್ಟಿದ್ದಳು.

ರವೀಶನನ್ನು ಅಲ್ಲೇ ಬಿಟ್ಟು ಕೋಣಂದೂರಿಗೆ ಹೊರಟೆ. ಕಾರು ಹೊಸನಗರ ದಾಟುತ್ತಿದ್ದಂತೆ ಹಿಂದಿನಿಂದ ಧಡ್! ಒಂದು ಪಿಕಪ್ ಗುದ್ದಿತು. ರವೀಶ್ ಫೋನ್ ಮಾಡಿದ್ದ. ತಪ್ಪು ನನ್ನದೇ, ಅವನ ಇನ್ನೊಂದು ಕೈ ಬಿಟ್ಟುಬಂದಿದ್ದೆ.

ಮತ್ತೆ ಧಡ್! ಹಿಂದಿನ ಗಾಜು ಪುಡಿಯಾಗಿ ಬೆನ್ನಿಗೆ ಚುಚ್ಚಿತು. ತಿರುವು ಬಂದಾಗ ಕಾರನ್ನು ಎಡಕ್ಕೆ ಎಳೆದು ಬ್ರೇಕ್ ಒತ್ತಿದೆ. ಪಿಕಪ್ ಪಕ್ಕದಲ್ಲೇ ಹಾರಿ ಹೊಂಡಕ್ಕೆ ಮಗುಚಿತು. ಕಿರುಚುವ ದನಿ ಕೇಳಿತು. ಬದುಕಿದ್ದಾರೆ, ಸಾಕು ಎಂದುಕೊಂಡು ಮುಂದೆ ಹೋದೆ.

ಕೋಣಂದೂರಿನ ಗೋಡೌನ್‌ಗೆ ಹಿಂಬಾಗಿಲಿನಿಂದ ನುಗ್ಗಿದೆ. ಗಿರಾಕಿಗಳಿಗೆ ತೋರಿಸಲು ಮುಕುಂದಯ್ಯ ಒಳಗೆ ನಾಟಕದ ರಂಗವನ್ನೇ ಕಟ್ಟಿಸಿದ್ದ. ಮೇಲೆ ಸುರುಳಿ ಸುತ್ತಿದ ಬೀದಿ ಸೀನಿನ ಪರದೆ. ಅದರ ಅಡಿಗೆ ಭಾರದ ಮರದ ದಿಂಡು. ಹಗ್ಗ ಕಟ್ಟಿದ್ದ ಕೊಕ್ಕೆ ನಾನು ನಿಂತ ಸೈಡ್‌ವಿಂಗ್‌ನಲ್ಲೇ ಇತ್ತು.

ಪರದೆಯ ಕೆಳಗೇ ಮುಕುಂದಯ್ಯ. ಒಂದು ಕೈಯಲ್ಲಿ ಸುಮನಾಳ ಮುಂಗೈ, ಇನ್ನೊಂದರಲ್ಲಿ ಕತ್ತಿ!

"ಡಿಸ್ಕ್ ಎಸಿಯೋ! ಇಲ್ದಿದ್ರೆ ಮೌಸ್ ಹಿಡಿಯೋ ಕೈ ಇಲ್ಲೇ ಬೀಳತ್ತೆ!"

"ಪರರ ಚಿತ್ರಕ್ಕೆ ಇಷ್ಟು ರೋಷ ಯಾಕೆ ಅಯ್ಯನೋರೇ?"

"ಪರರದ್ದಲ್ಲ, ನಂದು! ಕಂಪನಿ ಮಾಲೀಕರ ಮೊಮ್ಮಗ ನಾನು. ಈ ರಂಗದ ಮೇಲೇ ಬೆಳೆದವನು!"

ಗಿರಾಕಿಗಳಿಗೂ ಇದೇ ಡೈಲಾಗ್.

"ಹೌದಾ? ನೋಡೇಬಿಡೋಣ."

ಕಂಪನಿ ನಾಟಕದಲ್ಲಿ ಒಂದು ಪದ್ಧತಿ. ಸೀಟಿ ಹೊಡೆಯದೆ ಪರದೆ ಬಿಡುವಂತಿಲ್ಲ. ಸೀಟಿ ಕೇಳಿದರೆ ರಾಜನೇ ಆಗಲಿ, ಅರ್ಧ ಹಾಡಿಗೇ ಹಿಂದಕ್ಕೆ ಹಾರಬೇಕು. ಇದನ್ನು ಸುಮನಾಳೇ ನಗುತ್ತಾ ಹೇಳಿದ್ದಳು.

ಒಂದು ಕೈ ಹಗ್ಗಕ್ಕಿಟ್ಟೆ. ಇನ್ನೊಂದರ ಬೆರಳು ಬಾಯಿಗಿಟ್ಟೆ. ಸೀಟಿ ಹೊಡೆದೆ!

ಸುಮನಾ ಯೋಚಿಸಲಿಲ್ಲ. ಕೈ ಕೊಸರಿಕೊಂಡು ಹಿಂದಕ್ಕೆ ಹಾರಿದಳು. ಕತ್ತಿ ಅವಳ ಮೊಣಕೈ ಗೀರಿತು, ರಕ್ತ ಚಿಮ್ಮಿತು.

ಮುಕುಂದಯ್ಯ ನಿಂತಲ್ಲೇ ನಿಂತ.

"ಎಂತ ಮಾಡ್ತಿದೀಯೋ?"

ಹಗ್ಗ ಬಿಟ್ಟೆ.

ದಿಂಡು ಭುಜಕ್ಕೆ ಬಡಿದು ಅವನನ್ನು ಕೆಡವಿ, ತೊಡೆಯ ಮೇಲೆ ಕೂತಿತು. ಮೂಳೆ ಒಣ ಕಟ್ಟಿಗೆ ಮುರಿದ ಹಾಗೆ ಮುರಿಯಿತು. ಮೇಲೆ ಬೀದಿ ಸೀನು ಹಾಸಿಕೊಂಡಿತು.

"ಡಿಸ್ಕ್ ಸರಿಯಾಗಿದ್ಯಾ ಸರ್?" ಸುಮನಾ ಮೊಣಕೈ ಒತ್ತಿ ಹಿಡಿದು ಕೇಳಿದಳು.

ಆಗ ನನಗೆ ಅಳು ಬಂತು ಎಂದರೆ ನಂಬುತ್ತೀರಾ? ಬಂತು. ಅವಳ ಎರಡೂ ಕೈ ಉಳಿದಿದ್ದವು.

ಆಮೇಲೆ ತೀರ್ಥಹಳ್ಳಿಯ ಆಸ್ಪತ್ರೆ. ಆಪರೇಷನ್ ಮುಗಿದಿತ್ತು, ಬಾಗಿಲಲ್ಲಿ ಪೊಲೀಸರಿದ್ದರು. ಮುಕುಂದಯ್ಯ ಹಲ್ಲು ಕಡಿದ.

"ನಿನ್ನ ಬಿಡಲ್ಲ ನಿರಂಜನ..."

ಅವನ ಎಕ್ಸ್‌ರೇ ಎತ್ತಿ ಕಿಟಕಿಗೆ ಹಿಡಿದೆ. ತೊಡೆಮೂಳೆಯ ನಡುವೆ ಸ್ಟೀಲ್ ರಾಡ್ ಬೆಳ್ಳಗೆ ಕಾಣುತ್ತಿತ್ತು.

"ಡಾಕ್ಟರ್ ಪ್ರಾಮಾಣಿಕರು ಅಯ್ಯನೋರೇ... ಹೊಸದು ಹೊಸದಾಗಿಯೇ ಕಾಣ್ತಿದೆ!"