ಹಗ್ಗದ ತುದಿಯಲ್ಲಿ ಯಾರಿದ್ದರೂ

ಅಣ್ಣನ ಹಗ್ಗ ಮೇಲೆ ಬಂತು, ಅಣ್ಣ ಬರಲಿಲ್ಲ. ತುದಿಯನ್ನು ಯಾವುದೋ ಹಲ್ಲು ಕಚ್ಚಿ ಹರಿದಿತ್ತು.

ಅವನು ನಾರಿನ ಗಿಡ ಕಡಿಯಲು ಕಾಡಿನಾಚೆಯ ಕಂದರಕ್ಕೆ ಇಳಿದಿದ್ದ. ಜೊತೆಗೆ ಹೋದವರು ಹರಿದ ಹಗ್ಗವನ್ನು ಹಗ್ಗದ ಕಾರ್ಖಾನೆಯ ನೆಲದ ಮೇಲೆ ಹಾಕಿ, "ಕೆಳಗೆ ಇನ್ನೂ ಕೂಗ್ತಿದ್ದ. ನಮಗೆ ಧೈರ್ಯ ಆಗಲಿಲ್ಲ" ಎಂದು ತಲೆ ತಗ್ಗಿಸಿದರು. ಅವರನ್ನು ಬೈದು ಏನು ಪ್ರಯೋಜನ? ತಂಗಿ ಹೊಸ ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿದಳು. ಸೋದರಮಾವ ರಾಟೆ ಹೊತ್ತ. ಗಾಲಿ ಯಾರೂ ಕರೆಯದೆಯೇ ಎದ್ದು ಬಂದ.

ಗಾಲಿ ಎಂದರೆ ಹಗ್ಗ ಹೊಸೆಯುವ ಚಕ್ರ ತಿರುಗಿಸುವ ಹುಡುಗ. ಎಲ್ಲಿಂದಲೋ ಬಂದವನು. ಹೆಸರು ಕೇಳಿದರೆ ನಗುತ್ತಿದ್ದ, ಹಾಗಾಗಿ ಕೆಲಸವೇ ಹೆಸರಾಯಿತು. ಹೊಸೆಯುವವರು ನಾರು ಬಿಡುತ್ತ ಹಿಂದಕ್ಕೆ ನಡೆಯಬೇಕು, ಮುಖ ಮಾತ್ರ ಚಕ್ರದ ಕಡೆಗೇ. ಅಂದರೆ ಹಗ್ಗ ಹೊಸೆಯುವ ತಂಗಿ ದಿನವಿಡೀ ಅವನನ್ನೇ ನೋಡುತ್ತ ಅವನಿಂದ ದೂರ ಹೋಗುತ್ತಿದ್ದಳು. ಬಾಯಿಬಿಟ್ಟು ಒಂದು ಮಾತಾಡಲು ಇಬ್ಬರಿಗೂ ಏನು ಧಾಡಿಯೋ. ಹೊಸೆತ ಒಂದೇ ಸಮ ಬರಲೆಂದು ಅವಳು ಮಾವನಿಂದ ಕಲಿತ ರಾಗ ಗುನುಗುತ್ತಿದ್ದಳು, ಆ ಗುನುಗಿಗೆ ಅವನ ಕೈ ತಿರುಗುತ್ತಿತ್ತು. ಅಷ್ಟೇ ಅವರ ಮಾತುಕತೆ.

ಕಾಡು ಒಳಗೆ ಹೋದಂತೆಲ್ಲ ಸದ್ದು ಕಳೆದುಕೊಂಡಿತು. ಮೊದಲು ಹಕ್ಕಿಗಳು ನಿಂತವು, ಆಮೇಲೆ ಜೀರುಂಡೆಗಳು. ಕಂದರದ ಹತ್ತಿರ ಮರಗಳೇ ಅಂಚಿನಿಂದ ಹಿಂದೆ ಸರಿದು ನಿಂತಿದ್ದವು. ಕೆಳಗಿನಿಂದ ಹಸಿ ಮೂಳೆಯ ವಾಸನೆ ಬರುತ್ತಿತ್ತು.

"ಕುರುಡುಗಳು" ಎಂದ ಮಾವ. "ಹಳೇ ರಾಜ ಸಾಕಿದ್ದ ಮೃಗಗಳು. ಅರಮನೆ ಬಿದ್ದ ಮೇಲೆ ಇಲ್ಲಿ ಸೇರ್ಕೊಂಡ್ವು. ಕಣ್ಣಿಲ್ಲ, ಕಿವಿ ಮಾತ್ರ. ನಿಮ್ಮತ್ತೆ ಎದುರು ಮಾತಾಡಿದ್ಲು ಅಂತ ಅವುಗಳ ಗೂಡಿಗೆ ಹಾಕಿಸಿದ. ಆ ವಂಶದ ಒಂದು ಕುಡಿ ನನ್ನ ಕೈಗೆ ಸಿಗಲಿ, ಆಮೇಲೆ ನೋಡು."

ಗಾಲಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡ.

"ಮೂರು ಸಲ ಜಗ್ಗಿದ್ರೆ ಎಳೀತೀನಿ" ಎಂದ ಮಾವ. "ತುದೀಲಿ ಯಾರಿದ್ದೀರಿ ಅಂತ ಹಗ್ಗದೋನು ಕೇಳಬಾರದು. ಎಳೀಬೇಕು, ಅಷ್ಟೇ."

ಮೊದಲು ಗಾಲಿ ಇಳಿದ, ಆಮೇಲೆ ತಂಗಿ. ಅಣ್ಣ ಬಂಡೆಯ ಸಂದಿಯಲ್ಲಿ ಹುದುಗಿದ್ದ. ಎಡ ಮೊಣಕಾಲಿನ ಕೆಳಗೆ ಏನೂ ಉಳಿದಿರಲಿಲ್ಲ. ಉಸಿರಿತ್ತು. ತಂಗಿ ಅಳು ನುಂಗಿ ಅವನ ಎದೆಗೆ ಹಗ್ಗ ಸುತ್ತಿದಳು, ಗಂಟು ಹಾಕಿದಳು, ಇನ್ನೊಂದು ಹಾಕಿದಳು.

ಗಾಲಿ ಅವಳ ಬಾಯಿಗೆ ಕೈ ಅಡ್ಡ ಹಿಡಿದ.

ಆಗ ಅವಳಿಗೆ ಗೊತ್ತಾಯಿತು. ಅವಳು ಗುನುಗುತ್ತಿದ್ದಳು. ಹಗ್ಗ ಕೈಗೆ ಬಂದರೆ ರಾಗ ಬಾಯಿಗೆ ಬರುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಹಾಗೆ.

ಕತ್ತಲೆಯ ಬಾಯಿಂದ ಅವು ಬಂದವು. ಎಮ್ಮೆಯಷ್ಟು ಎತ್ತರ. ಕಣ್ಣಿರಬೇಕಾದ ಕಡೆ ಬರೀ ಚರ್ಮ. ಒಂದು ನೆಗೆಯಲು ಕಾಲು ಮಡಿಸಿತು.

"ಕೂತ್ಕೋ" ಎಂದ ಗಾಲಿ.

ಅದು ಕೂತಿತು. ಉಳಿದವೂ ಕೂತವು. ದೊಡ್ಡದೊಂದು ತೆವಳಿ ಬಂದು ಅವನ ಪಾದದ ಮೇಲೆ ತಲೆಯಿಟ್ಟಿತು.

ಅವಳು ಬಾಯಿ ಮೇಲಿದ್ದ ಅವನ ಕೈ ಸರಿಸಿದಳು. "ಯಾರೋ ನೀನು?"

"ರಾಜನ ಕೊನೇ ಮಗ. ಚಿಕ್ಕೋನಿದ್ದಾಗ ನಾನೇ ಇವಕ್ಕೆ ತಿನ್ನಿಸ್ತಿದ್ದೆ."

"ಏನು ತಿನ್ನಿಸ್ತಿದ್ದೆ?"

"ಬುಟ್ಟೀಲಿ ಕೊಡೋರು. ಏನಂತ ಆಗ ಗೊತ್ತಿರಲಿಲ್ಲ." ಅವನು ಹಗ್ಗವನ್ನು ಅವಳ ಕೈಗಿಟ್ಟ. "ಹಗ್ಗ ಜಗ್ಗು. ಅಣ್ಣ ಮೊದಲು, ಆಮೇಲೆ ನೀನು. ನನ್ನ ದನಿ ಕೇಳ್ತಿದ್ರೆ ಮಾತ್ರ ಇವು ಕೂತಿರ್ತವೆ."

ಅವಳಿಗೆ ಅವನ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡಕ್ಕೂ ಪುರುಸೊತ್ತಿರಲಿಲ್ಲ. ಅವನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು.

ಅಣ್ಣ ಮೇಲೆ ಹೋದ. ಅವಳು ಹೋದಳು. ಅಂಚು ಹತ್ತಿದಾಗ ಮಾವನ ಮುಖ ನೋಡಿ ಅವಳಿಗೆ ಅರ್ಥವಾಯಿತು. ಕಂದರದ ಗೋಡೆಗಳು ಒಂದೊಂದು ಮಾತನ್ನೂ ಮೇಲಕ್ಕೆ ಒಯ್ದಿದ್ದವು.

ಅವಳು ಹಗ್ಗವನ್ನು ಮತ್ತೆ ಕೆಳಗಿಳಿಸಿದಳು. ಕೆಳಗಿನಿಂದ ಗಾಲಿಯ ದನಿ ಮಗುವನ್ನು ಮಲಗಿಸುವಂತೆ ಕೇಳುತ್ತಿತ್ತು. ಹಗ್ಗ ಮೂರು ಸಲ ಜಗ್ಗಿತು.

ಮಾವನ ಕೈ ರಾಟೆಯ ಮೇಲಿರಲಿಲ್ಲ, ಸೊಂಟದ ಮಚ್ಚಿನ ಮೇಲಿತ್ತು. ಅವಳು ರಾಟೆಗೆ ತನ್ನ ಮೈಭಾರವನ್ನೆಲ್ಲ ಹಾಕಿದಳು. ಅದು ಅಲ್ಲಾಡಲಿಲ್ಲ.

"ಮಾವ" ಎಂದಳು.

ಹಗ್ಗ ಮತ್ತೆ ಮೂರು ಸಲ ಜಗ್ಗಿತು.

"ಯಾರಿದ್ರೂ ಎಳೀಬೇಕು ಅಂತ ನಾನ್ಯಾಕೆ ಅಂದೆನೋ" ಎಂದ ಮಾವ, ತನಗೇ ಹೇಳಿಕೊಂಡಂತೆ. ಮಚ್ಚನ್ನು ಪೊದೆಯೊಳಕ್ಕೆ ಬಿಸಾಕಿ ರಾಟೆ ಹಿಡಿದ. ಎಳೆಯುತ್ತ ಅತ್ತ. ತುಟಿಯಿಂದ ಒಂದು ಗುನುಗೂ ಬರಲಿಲ್ಲ. ಹಗ್ಗ ಹಿಡಿದು ಅವನು ಸುಮ್ಮನಿದ್ದದ್ದನ್ನು ಅವಳು ಅದೇ ಮೊದಲು ನೋಡಿದ್ದು.

ಅಣ್ಣನನ್ನು ಮೂವರೂ ಸರದಿಯಲ್ಲಿ ಹೊತ್ತು ತಂದರು. ಮಾವ ದಾರಿಯುದ್ದಕ್ಕೂ ಗಾಲಿಯ ಕಡೆ ತಿರುಗಲಿಲ್ಲ. ಅಣ್ಣ ಒಂಟಿ ಕಾಲಲ್ಲಿ ಬದುಕಿದ.

ಮರುದಿನ ಕೆಲಸ ಶುರುವಾಯಿತು. ಗಾಲಿ ಚಕ್ರದ ಮುಂದೆ ನಿಂತ. ಅವಳು ನಾರು ಸಿಕ್ಕಿಸಿ ಹಿಂದೆ ನಡೆಯತೊಡಗಿದಳು, ಆದರೆ ಗಂಟಲಿಂದ ರಾಗವೇ ಹೊರಡಲಿಲ್ಲ. ಎಳೆ ಒಂದು ಕಡೆ ದಪ್ಪವಾಯಿತು, ಒಂದು ಕಡೆ ಸಣ್ಣಗಾಯಿತು. ಗಾಲಿ ಚಕ್ರ ನಿಲ್ಲಿಸಿ ಬಾಗಿಲು ನೋಡಿದ, ಹೊರಟುಬಿಡುವವನಂತೆ.

ಮೂಲೆಯಲ್ಲಿ ನಾರು ಬಾಚುತ್ತಿದ್ದ ಮಾವ ತಲೆ ಎತ್ತಲಿಲ್ಲ. "ಹಗ್ಗ ಹಾಳಾಗ್ತಿದೆ" ಎಂದ.

ಆಮೇಲೆ ಅವನೇ ಒಡಕು ದನಿಯಲ್ಲಿ ಗುನುಗಲು ಶುರುಮಾಡಿದ. ಗಾಲಿಯ ಕೈ ಮತ್ತೆ ಚಕ್ರಕ್ಕೆ ಹೋಯಿತು.