ಕುಸುಮ ಮಿಸ್ ಇದ್ದ ಖಾಲಿ ಹುದ್ದೆ

"ಮಿಸ್, ಕೆಂಪಾಯ್ತು! ಕೆಂಪಾಯ್ತು ಮಿಸ್!"

ಹತ್ತನೇ ಕ್ಲಾಸಿನಲ್ಲಿ ಗದ್ದಲವೋ ಗದ್ದಲ. ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದ ಕಾಗದದ ಮೇಲೆ ಅನನ್ಯ ಸೋಪಿನ ನೀರು ಬಿಟ್ಟಿದ್ದಳು. ಹಳದಿ ಕಾಗದ ಕೆಂಪಗಾಗಿತ್ತು. ಮಕ್ಕಳಿಗಿಂತ ಜಾಸ್ತಿ ಖುಷಿ ಕುಸುಮ ಮಿಸ್ ಮುಖದಲ್ಲಿ.

"ಈಗ ಹೇಳಿ, ಸೋಪು ಆಮ್ಲಾನೋ, ಪ್ರತ್ಯಾಮ್ಲಾನೋ?"

ಉತ್ತರ ಬರುವ ಮೊದಲೇ ಬಾಗಿಲಲ್ಲಿ ಹೆಡ್‌ಮಿಸ್ ಪದ್ಮಾವತಿ ಬಂದು ನಿಂತರು. ಅವರ ಪಕ್ಕದಲ್ಲಿ ಒಬ್ಬ ಎತ್ತರದ ಗಂಡಸು, ಹೆಗಲಿಗೆ ಬ್ಯಾಗು ಹಾಕಿಕೊಂಡು ಸಂಕೋಚದಿಂದ ನಿಂತಿದ್ದ.

"ಕುಸುಮ... ಇವರು ರವಿಚಂದ್ರ ಸರ್. ವರ್ಗಾವಣೆ ಕೌನ್ಸೆಲಿಂಗಲ್ಲಿ ನಮ್ಮ ಶಾಲೆ ತಗೊಂಡಿದ್ದಾರೆ. ವಿಜ್ಞಾನಕ್ಕೆ."

ಅಷ್ಟೇ. ಕುಸುಮಾಳ ಕೈಯಲ್ಲಿದ್ದ ಚಾಕ್‌ಪೀಸ್ ಕೆಳಗೆ ಬಿತ್ತು.

ಗೊತ್ತಿಲ್ಲದವರಿಗೆ ಹೇಳ್ತೀನಿ ಕೇಳಿ. ಸರ್ಕಾರಿ ಶಾಲೆಯಲ್ಲಿ ಕಾಯಂ ಮೇಷ್ಟ್ರು ಇಲ್ಲದ ಜಾಗಕ್ಕೆ ಅತಿಥಿ ಶಿಕ್ಷಕರು ಅಂತ ಹಾಕ್ತಾರೆ. ಹೆಸರಿಗಷ್ಟೇ ಅತಿಥಿ, ಉಪಚಾರ ಏನೂ ಇಲ್ಲ! ಕಾಯಂ ಮೇಷ್ಟ್ರು ಬಂದ ದಿನ ಅತಿಥಿ ಎದ್ದು ಹೋಗಬೇಕು. ಕುಸುಮ ಬಿ.ಎಡ್. ಮಾಡಿದವಳು, ಅರ್ಹತಾ ಪರೀಕ್ಷೆ ಪಾಸಾದವಳು. ಕಾಯಂ ನೇಮಕಾತಿ ಮಾತ್ರ ಇವತ್ತು ನಾಳೆ ಅಂತ ಮುಂದಕ್ಕೆ ಹೋಗುತ್ತಲೇ ಇತ್ತು. ಮೈಸೂರಿನ ಕೆಸರೆ ಕಡೆಯ ಈ ಶಾಲೆಯನ್ನೇ ತನ್ನದು ಅಂದುಕೊಂಡು ವರ್ಷಗಟ್ಟಲೆ ಪಾಠ ಮಾಡಿದ್ದಳು.

"ಬನ್ನಿ ಸರ್, ನಿಮ್ಮ ಕ್ಲಾಸು," ಎಂದಳು.

"ಮೇಡಂ, ನನಗೆ ನಿಜವಾಗ್ಲೂ ಗೊತ್ತಿರಲಿಲ್ಲ... ಕೌನ್ಸೆಲಿಂಗ್ ಸ್ಕ್ರೀನಲ್ಲಿ ಖಾಲಿ ಅಂತ ತೋರಿಸ್ತಿತ್ತು."

ಕುಸುಮ ಅವನನ್ನು ನೆಟ್ಟಗೆ ನೋಡಿದಳು.

"ನಾನು ಇಲ್ಲೇ ನಿಂತಿದ್ದೆ ಸರ್!"

ಬ್ಯಾಗ್ ಎತ್ತಿಕೊಂಡು ಹೊರಟೇಬಿಟ್ಟಳು. ಹಿಂದಿನಿಂದ ಮಕ್ಕಳು "ಮಿಸ್... ಮಿಸ್..." ಅನ್ನುತ್ತಿದ್ದರೂ ತಿರುಗಲಿಲ್ಲ. ತಿರುಗಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದಳು.

ಹಿನಕಲ್‌ನ ಮನೆಯಲ್ಲಿ ಅವ್ವ ಕೆಂಚಮ್ಮ ವಿಷಯ ಕೇಳಿ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿದಳು.

"ಬುಡು ಮಗ, ಆ ಸ್ಕೂಲೇನು ನಿಮ್ಮಪ್ಪಂದಾ? ಬ್ಯಾರೆ ಕೆಲ್ಸ ನೋಡ್ಕೋ. ಅಂಗೇ ಒಂದು ಗಂಡೂ ನೋಡ್ಬುಡಾನ."

"ಅವ್ವಾ, ಸುಮ್ನಿರು!"

ವಾರ ಕಳೆಯುವುದರೊಳಗೆ ಸರಸ್ವತಿಪುರಂನ ಟ್ಯುಟೋರಿಯಲ್ ಒಂದರಲ್ಲಿ ಸಂಜೆ ಪಾಠ ಸಿಕ್ಕಿತು. ಅಲ್ಲಿ ಯಾರೂ ಕೆಂಪಾಯ್ತು ಅಂತ ಕೂಗುತ್ತಿರಲಿಲ್ಲ. ಎಲ್ಲರಿಗೂ ಪರೀಕ್ಷೆಗೆ ಯಾವ ಪ್ರಶ್ನೆ ಬರುತ್ತೆ ಅನ್ನೋದಷ್ಟೇ ಬೇಕಿತ್ತು.

ಒಂದು ಸಂಜೆ ಟ್ಯುಟೋರಿಯಲ್ ಮೆಟ್ಟಿಲ ಹತ್ತಿರ ರವಿಚಂದ್ರ ನಿಂತಿದ್ದ. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು.

"ಇಲ್ಲಿಗೂ ಬಂದ್ರಾ? ಈ ಜಾಗಾನೂ ಖಾಲಿ ತೋರಿಸ್ತಾ?"

ಅವನು ತಲೆ ತಗ್ಗಿಸಿದ. "ಬೈಯಿರಿ ಮೇಡಂ, ಬೈಸ್ಕೋತೀನಿ. ನನ್ನನ್ನ ಮನೆ ಮನೆ ಸಮೀಕ್ಷೆಗೆ ಹಾಕಿದ್ದಾರೆ. ಶಾಲೆಗೆ ಕಾಲಿಡೋಕೇ ಆಗ್ತಿಲ್ಲ. ಹತ್ತನೇ ಕ್ಲಾಸು ಸುಮ್ಮನೆ ಕೂತಿರುತ್ತೆ..."

"ಅದಕ್ಕೆ ನಾನೇನು ಮಾಡ್ಲಿ?"

"ಬಂದು ಪಾಠ ಮಾಡಿ ಅಂತ ಕೇಳೋ ಮುಖ ನನಗಿಲ್ಲ. ಮಕ್ಕಳು ದಿನಾ ಕುಸುಮ ಮಿಸ್ ಎಲ್ಲಿ ಅಂತ ಕೇಳ್ತಾರೆ. ಅದನ್ನ ಹೇಳೋಣ ಅಂತ ಬಂದೆ."

'ಎಷ್ಟು ನಯವಾಗಿ ಕೇಳ್ತಾನಪ್ಪ ಇವನು!' ಕುಸುಮಾಳಿಗೆ ಮೈಯೆಲ್ಲಾ ಉರಿಯಿತು. ಆದರೆ ಮಾರನೇ ದಿನ ಬೆಳಿಗ್ಗೆ ಕೆಸರೆಯ ಶಾಲೆಯಲ್ಲಿದ್ದಳು! ಸಂಬಳ ಇಲ್ಲ, ಹಾಜರಿ ಇಲ್ಲ. "ಬಿಟ್ಟಿ ದುಡಿಯಾಕೆ ಓಗ್ತಾಳೆ ನೋಡು," ಎಂದು ಕೆಂಚಮ್ಮ ಬೈದುಕೊಂಡೇ ಡಬ್ಬಿ ಕಟ್ಟಿಕೊಟ್ಟಳು.

ಸಮೀಕ್ಷೆ ಮುಗಿಸಿ ರವಿಚಂದ್ರ ಬಂದ ಮೇಲೂ ಅವಳು ಬೆಳಗಿನ ಪಾಠ ಬಿಡಲಿಲ್ಲ. ಅವನು ಬೇಡ ಅನ್ನಲೂ ಇಲ್ಲ, ಹಿಂದಿನ ಬೆಂಚಲ್ಲಿ ಕೂತು ನೋಡುತ್ತಿದ್ದ.

"ಇಷ್ಟು ಚೆನ್ನಾಗಿ ನನಗೆ ಬರಲ್ಲ ಕಣ್ರೀ," ಎಂದ ಒಂದು ದಿನ. ಸುಮ್ಮನೆ ಹೊಗಳಿದ ಮಾತಲ್ಲ ಅದು. ಹೇಳುವಾಗ ಅವನ ಮುಖದಲ್ಲಿ ನೋವಿತ್ತು.

ಆದರೆ ಅವನೇನು ಕಮ್ಮಿಯವನಲ್ಲ. ಅನನ್ಯ ನಾಕು ದಿನ ಶಾಲೆಗೆ ಬರದಿದ್ದಾಗ ಸೀದಾ ಅವಳ ಮನೆಗೆ ಹೋಗಿ ಬಾಗಿಲಲ್ಲಿ ಕೂತುಬಿಟ್ಟ. "ಮಗು ಶಾಲೆಗೆ ಬರೋವರೆಗೂ ನಾನು ಏಳಲ್ಲ ಅಮ್ಮ," ಅಂದನಂತೆ! ಅನನ್ಯಾಳ ತಾಯಿ ಕೊನೆಗೆ ನಕ್ಕು, ಮಗಳಿಗೆ ಯೂನಿಫಾರಂ ಹಾಕಿಸಿ ಕಳಿಸಿದಳು.

ಅವತ್ತು ಕುಸುಮಾಳ ಎದೆಯೊಳಗೆ ಏನೋ ಕರಗಿತು. 'ಅಯ್ಯೋ, ಇವರ ಮೇಲೆ ಕೋಪ ಮಾಡ್ಕೊಂಡಿರೋದು ಎಷ್ಟು ಕಷ್ಟ...'

ಆಮೇಲೆ ಬಸ್‌ ಸ್ಟಾಪಿನವರೆಗೂ ಜೊತೆಯಲ್ಲಿ ನಡೆಯುವುದು ಅಭ್ಯಾಸವಾಯಿತು. ಒಂದೇ ಡಬ್ಬಿಯ ಚಿತ್ರಾನ್ನ ಇಬ್ಬರದೂ ಆಯಿತು. ಪರೀಕ್ಷೆ ಮುಗಿದ ಸಂಜೆ ಅವನು ನಿಂತು, "ಕುಸುಮ... ಒಂದು ಮಾತು ಹೇಳಬೇಕು," ಎಂದ.

ಅವಳ ಕೆನ್ನೆ ಬಿಸಿಯಾಯಿತು. "ಹೇಳಿ ಸರ್."

"ಈಗ ಬೇಡ. ಜೂನಲ್ಲಿ ಹೇಳ್ತೀನಿ. ಆಗ ಹೇಳೋಕೆ ನನಗೊಂದು ಯೋಗ್ಯತೆ ಬಂದಿರುತ್ತೆ."

ಹುಚ್ಚಪ್ಪ! ಅಲ್ಲೇ ಹೇಳಿಬಿಟ್ಟಿದ್ದರೆ ಈ ಕಥೆ ಎಷ್ಟು ಸುಖವಾಗಿ ಮುಗೀತಿತ್ತು!

ರಜೆಯಲ್ಲಿ ಶಾಲೆಯ ಹಳೇ ಸಾಮಾನು ಜೋಡಿಸಲು ಹೋದಾಗ ಪದ್ಮಾವತಿ ಮೇಡಂ ಬಾಯಿಂದ ಸುದ್ದಿ ಬಂತು.

"ರವಿಚಂದ್ರ ಹೋಗ್ತಿದ್ದಾರಲ್ಲಮ್ಮ, ಎಚ್.ಡಿ. ಕೋಟೆ ಕಡೆ. ಕಾಡಂಚಿನ ಶಾಲೆಯಂತೆ. ಯಾರೂ ಒಪ್ಪದ ಜಾಗಕ್ಕೆ ತಾನೇ ಹೋಗ್ತೀನಿ ಅಂತ ಬರ್ಕೊಟ್ಟಿದ್ದಾರೆ. ನಿನಗೆ ಹೇಳಲಿಲ್ವಾ?"

ಹೇಳಿರಲಿಲ್ಲ. ಒಂದು ಮಾತೂ ಹೇಳಿರಲಿಲ್ಲ!

ಸಂಜೆ ಅವನು ಸಿಕ್ಕಿದಾಗ ಕುಸುಮ ಮುಖ ತಿರುಗಿಸಿದಳು.

"ಕುಸುಮ, ಸ್ವಲ್ಪ ಕೇಳಿ..."

"ಏನು ಕೇಳೋದು ಸರ್? ಬರುವಾಗಲೂ ನನ್ನ ಕೇಳಲಿಲ್ಲ, ಹೋಗುವಾಗಲೂ ಕೇಳಲಿಲ್ಲ. ನನ್ನ ಕೆಲಸ ಕಿತ್ಕೊಂಡ್ರಿ, ಸರಿ. ಆಮೇಲೆ ನನ್ನ ಮನಸ್ಸು ಯಾಕೆ ಬೇಕಿತ್ತು ನಿಮಗೆ?"

"ಜೂನಲ್ಲಿ ಗೊತ್ತಾಗುತ್ತೆ..."

"ಹೋಗಿ ಸರ್. ಸುಮ್ಮನೆ ಹೋಗ್ಬಿಡಿ!"

ಅವನು ಹೋದ. ಅವಳು ಅವನ ನಂಬರ್ ಬ್ಲಾಕ್ ಮಾಡಿ, ಮನೆಗೆ ಬಂದು ಅವ್ವನ ತೊಡೆ ಮೇಲೆ ತಲೆಯಿಟ್ಟು ಅತ್ತಳು. ಕೆಂಚಮ್ಮ ಯಾವತ್ತಿನ ಹಾಗೆ ಬೈಯಲಿಲ್ಲ. ಸುಮ್ಮನೆ ತಲೆ ಸವರಿದಳು.

ಜೂನ್ ಬಂತು. ಪದ್ಮಾವತಿ ಮೇಡಂ ಕರೆ ಕಳಿಸಿದರು. ಕುಸುಮ ಶಾಲೆಯ ಗೇಟು ದಾಟಿದ ಕೂಡಲೇ ಹೊಸ ಹತ್ತನೇ ಕ್ಲಾಸು ಓಡಿಬಂತು. "ಮಿಸ್ ಬಂದ್ರು! ನಮಗೂ ಅರಿಶಿನದ ಪಾಠ ಮಾಡ್ತೀರಾ ಮಿಸ್?"

ಆಫೀಸಿನಲ್ಲಿ ಮೇಡಂ ಮುಖ ಬಾಡಿತ್ತು.

"ಕೂತ್ಕೋ ಕುಸುಮ. ನಿನ್ನನ್ನ ಅತಿಥಿ ಶಿಕ್ಷಕಿಯಾಗಿ ವಾಪಸ್ ತಗೋಬೇಕು ಅಂತ ಬರೆದಿದ್ದೆ. ಇಲಾಖೆಯವರು ಆಗಲ್ಲ ಅಂದುಬಿಟ್ಟರು. ರವಿಚಂದ್ರ ಹೋಗಿರೋದು ನಿಯೋಜನೆ ಮೇಲೆ. ಪಾಠ ಅಲ್ಲಿ ಮಾಡ್ತಾರೆ, ಹುದ್ದೆ ಮಾತ್ರ ಇಲ್ಲೇ ಅವರ ಹೆಸರಲ್ಲೇ ಇದೆ. ಲೆಕ್ಕಕ್ಕೆ ಭರ್ತಿ!"

"ಅಂದ್ರೆ... ನಾನಿದ್ದಾಗ ಖಾಲಿ. ಯಾರೂ ಇಲ್ಲದಾಗ ಭರ್ತಿ?"

ಮೇಡಂ ಕಣ್ಣೊರೆಸಿಕೊಂಡರು. "ಆ ಹುಡುಗ ಹೋಗಿದ್ದೇ ನಿನಗೋಸ್ಕರ ಕಣಮ್ಮ. ನೀನು ಬಿಟ್ಟಿ ದುಡಿಯೋದು ಅವನಿಗೆ ನುಂಗಲಾಗಲಿಲ್ಲ. 'ನಾನು ಹೋದರೆ ಜಾಗ ಖಾಲಿ ಆಗುತ್ತಾ?' ಅಂತ ಇಲಾಖೆ ಆಫೀಸಲ್ಲಿ ಕೇಳಿದನಂತೆ. 'ಆಗುತ್ತೆ ಸಾರ್, ಹೋಗ್ಬನ್ನಿ' ಅಂದರಂತೆ. ಆಗುತ್ತೆ ಸಾರ್ ಅನ್ನೋ ಮಾತು ನಂಬಿಕೊಂಡು ಹೋಗಿಬಿಟ್ಟ! ಯಾಕೆ ಹೋಗ್ತಿದ್ದೀನಿ ಅನ್ನೋದನ್ನ ಯಾರಿಗೂ ಹೇಳಬೇಡಿ ಅಂತ ನನ್ನ ಹತ್ರ ಆಣೆ ಬೇರೆ ಮಾಡಿಸಿಕೊಂಡಿದ್ದ."

ಕುಸುಮಾಳಿಗೆ ನೆಲವೇ ಕುಸಿದಂತಾಯಿತು. 'ಅಯ್ಯೋ... ಎಂಥಾ ಕೆಲಸ ಮಾಡಿಬಿಟ್ರಿ! ನಾನು ಎಂಥೆಂಥಾ ಮಾತಾಡಿಬಿಟ್ಟೆ!'

"ಕುಸುಮ, ಮೊದಲಿನ ಹಾಗೆ ಬೆಳಿಗ್ಗೆ ಒಂದು ಪೀರಿಯಡ್ ಬಂದು ಹೋಗ್ತೀಯಾ?"

ಹೊರಗೆ ಕಿಟಕಿಗೆ ಅಂಟಿಕೊಂಡು ಮಕ್ಕಳು ನೋಡುತ್ತಿದ್ದರು. ಕುಸುಮ ಅವರ ಕಡೆ ನೋಡದೆ ಎದ್ದಳು.

"ಇಲ್ಲ ಮೇಡಂ. ಒಂದು ವರ್ಷ ಸುಮ್ಮನೆ ಬಂದು ಪಾಠ ಮಾಡಿದೆ. ಅದಕ್ಕೇ ಇಲ್ಲಿ ಕೊರತೆ ಇದೆ ಅಂತ ಯಾರಿಗೂ ಅನ್ನಿಸಲೇ ಇಲ್ಲ. ಇನ್ನು ಬರಲ್ಲ."

ಹೇಳಿದ್ದೇನೋ ಹೇಳಿದಳು. ಗೇಟಿನವರೆಗೂ ಆ ಮಕ್ಕಳ ನಡುವೆ ನಡೆಯುವಷ್ಟರಲ್ಲಿ ಅವಳ ಜೀವ ಹಿಂಡಿಹೋಯಿತು.

ಅವತ್ತೇ ಅವನ ನಂಬರ್ ಅನ್‌ಬ್ಲಾಕ್ ಮಾಡಿದಳು. "ಶನಿವಾರ ಮೈಸೂರಿಗೆ ಬನ್ನಿ," ಅಂತಷ್ಟೇ ಕಳಿಸಿದಳು.

ಸಬರ್ಬನ್ ಬಸ್ ಸ್ಟ್ಯಾಂಡಿಗೆ ಎಚ್.ಡಿ. ಕೋಟೆ ಬಸ್ಸು ಬಂದು ನಿಂತಿತು. ಕಿಕ್ಕಿರಿದ ಜನರ ನಡುವೆ ರವಿಚಂದ್ರ ಇಳಿದ. ತೆಳ್ಳಗಾಗಿದ್ದ, ಆದರೂ ಕಣ್ಣಲ್ಲಿ ಆಸೆ ಹೊಳೆಯುತ್ತಿತ್ತು.

"ಕುಸುಮ! ಆರ್ಡರ್ ಸಿಕ್ತಾ? ಕ್ಲಾಸು ಶುರು ಮಾಡಿದ್ರಾ?"

ಪಾಪ, ಅವನಿಗೆ ಇನ್ನೂ ಗೊತ್ತಿರಲಿಲ್ಲ!

ಕುಸುಮ ಎಲ್ಲಾ ಹೇಳಿದಳು. ಕೇಳುತ್ತಾ ಕೇಳುತ್ತಾ ಅವನ ಮುಖ ಬಿಳಿಚಿಕೊಂಡಿತು. ಪಕ್ಕದ ಕಲ್ಲುಬೆಂಚಿನ ಮೇಲೆ ಕುಸಿದು ಕೂತ.

"ಹಾಗಾದ್ರೆ... ಆ ಮಕ್ಕಳಿಗೆ ಈಗ ಯಾರು?"

"ಯಾರೂ ಇಲ್ಲ."

"ನಾನು ಸೋಮವಾರವೇ ವಾಪಸ್ ಬರ್ತೀನಿ ಅಂತ ಬರ್ಕೊಡ್ತೀನಿ!"

"ಬರ್ಕೊಟ್ಟರೂ ಪ್ರಯೋಜನ ಇಲ್ಲ ಅಂತ ಮೇಡಂ ಹೇಳಿದ್ರು. ಈ ವರ್ಷ ಪೂರ್ತಿ ನಿಮ್ಮನ್ನ ಅಲ್ಲಿಂದ ಬಿಡಲ್ವಂತೆ. ಬಿಟ್ಟರೂ ಅಲ್ಲಿನ ಮಕ್ಕಳ ಗತಿ ಏನು? ನಿಮಗಿಂತ ಮುಂಚೆ ಅಲ್ಲಿ ಯಾರಿದ್ರು?"

ಅವನು ಮೆಲ್ಲಗೆ ಹೇಳಿದ, "ವಿಜ್ಞಾನಕ್ಕೆ ಯಾರೂ ಇರಲಿಲ್ಲ. ಈಗ ಒಬ್ಬಳು ಹುಡುಗಿ ನರ್ಸ್ ಆಗ್ತೀನಿ ಅಂತಿದ್ದಾಳೆ."

ಬಸ್ಸುಗಳ ಹಾರ್ನು, ಕಂಡಕ್ಟರುಗಳ ಕೂಗು. ಕುಸುಮ ಅವನ ಪಕ್ಕದಲ್ಲಿ ಕೂತಳು.

"ನನ್ನ ಒಂದು ಮಾತು ಕೇಳದೆ ನನಗೆ ಒಳ್ಳೇದು ಮಾಡೋಕೆ ಹೊರಟ್ರಲ್ಲ, ಯಾಕೆ?"

"ಕೇಳಿದ್ರೆ ಬೇಡ ಅಂತಿದ್ರಿ."

"ಹೌದು, ಬೇಡ ಅಂತಿದ್ದೆ! ನನಗೆ ಆ ಕ್ಲಾಸು ಬೇಕಿತ್ತು, ನಿಜ. ಆದರೆ ಹಿಂದಿನ ಬೆಂಚಲ್ಲಿ ನೀವೂ ಬೇಕಿತ್ತು. ಅಷ್ಟೂ ಅರ್ಥ ಆಗಲಿಲ್ವಾ ನಿಮಗೆ?"

ಅವನ ಕಣ್ಣು ತುಂಬಿಬಂತು.

"ಜೂನಲ್ಲಿ ಒಂದು ಮಾತು ಹೇಳ್ತೀನಿ ಅಂದಿದ್ದೆ. ನಿಮ್ಮ ಜಾಗ ನಿಮಗೆ ಕೊಟ್ಟು, ಆಮೇಲೆ ಕೇಳೋಣ ಅಂತಿದ್ದೆ. ಈಗ ಕೈಯಲ್ಲಿ ಏನೂ ಇಲ್ಲ ಕುಸುಮ. ಆದರೂ ಕೇಳ್ತೀನಿ... ನನ್ನ ಮದುವೆ ಆಗ್ತೀರಾ?"

"ಆಗ್ತೀನಿ."

ತಡಮಾಡದೆ ಬಂದ ಆ ಉತ್ತರಕ್ಕೆ ಅವನೇ ಬೆಚ್ಚಿಬಿದ್ದ. ಆದರೆ ಕುಸುಮ ನಗುತ್ತಿರಲಿಲ್ಲ. ಅವಳ ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು.

"ಆಗ್ತೀನಿ. ಆದರೆ ಕೆಸರೆಯ ಮಕ್ಕಳ ವಿಷಯದಲ್ಲಿ ನಾನು ನಿಮ್ಮನ್ನ ಕ್ಷಮಿಸಲ್ಲ. ನನ್ನನ್ನೂ ಕ್ಷಮಿಸ್ಕೊಳ್ಳಲ್ಲ. ಇನ್ನು ಬರಲ್ಲ ಅಂತ ಹೇಳಿ ಅವರನ್ನ ಬಿಟ್ಟು ಬಂದವಳು ನಾನು. ಮದುವೆ ಆದ ಮೇಲೂ ಇದು ಹೋಗಲ್ಲ."

ರವಿಚಂದ್ರ ಅವಳ ಕೈ ಹಿಡಿದುಕೊಂಡ. ಬಸ್ ಸ್ಟ್ಯಾಂಡಿನ ಜನ ನೋಡಿದರೆ ನೋಡಿಕೊಳ್ಳಲಿ ಅಂತ ಅವಳೂ ಬಿಡಿಸಿಕೊಳ್ಳಲಿಲ್ಲ.

"ಕ್ಷಮಿಸಬೇಡಿ. ದಿನಾ ಬೈಯಿರಿ. ಜೊತೆಯಲ್ಲಿದ್ದು ಬೈಯಿರಿ."

"ಬೈತೀನಿ," ಎಂದಳು ಕುಸುಮ, ಸೆರಗಿನಿಂದ ಮೊದಲು ಅವನ ಕಣ್ಣು ಒರೆಸುತ್ತಾ. "ಏಳಿ ರೀ... ಅವ್ವ ಕಾಯ್ತಿದ್ದಾಳೆ."